ಬಸಿರಿನ ಸಕ್ಕರೆ ಮತ್ತು ಮನೆಮಂದಿಯ ಆರೋಗ್ಯ

(ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಗಬ್ಬದ ಹಸುವಿನ ಮೇವು, ಹಿಂಡಿ, ಖನಿಜ ಮಿಶ್ರಣಗಳ ಬಗ್ಗೆ ಇಂಥ ಸಭೆಗಳಲ್ಲಿ ಸಾಕಷ್ಟು ಚರ್ಚೆ ಆಗುತ್ತದೆ. ಇಂಜೆಕ್ಷನ್ ಕೊಡಿಸಿದ ತಾರೀಕನ್ನು ನಾವು ಕ್ಯಾಲೆಂಡರಿನಲ್ಲಿ ಗುರುತು ಮಾಡಿ ಇಡುತ್ತೇವೆ. ಆ ಹಸುವನ್ನು ಹಟ್ಟಿಯಲ್ಲಿ ನೋಡಿಕೊಳ್ಳುವ ಹೆಂಗಸಿನ ಬಸಿರಿನ ಲೆಕ್ಕ ಮಾತ್ರ ಮಗು ಹುಟ್ಟಿದ ದಿನಕ್ಕೇ ಮುಗಿದುಬಿಡುತ್ತದೆ. ಹಾಗೆ ಮುಗಿಯದ ಒಂದು ವಿಷಯವನ್ನು ಇಂದು ತಮ್ಮ ಮುಂದಿಡುತ್ತೇನೆ.

ಮೊದಲು ಸಕ್ಕರೆ ಕಾಯಿಲೆ ಇಲ್ಲದ ಕೆಲವು ಹೆಂಗಸರಿಗೆ ಗರ್ಭ ನಿಂತ ಮೇಲೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಮಾಸು ಅಂದರೆ ಕಸದಿಂದ ಹೊರಡುವ ಕೆಲವು ರಸಗಳು ತಾಯಿಯ ಇನ್ಸುಲಿನ್‌ನ ಶಕ್ತಿಯನ್ನು ಕುಂದಿಸುತ್ತವೆ. ಅದನ್ನು ಸರಿದೂಗಿಸುವಷ್ಟು ಹೆಚ್ಚು ಇನ್ಸುಲಿನ್ ಒದಗಿಸಲಾಗದ ದೇಹದಲ್ಲಿ ಸಕ್ಕರೆ ಉಳಿಯುತ್ತದೆ. ಹೆರಿಗೆಯಾಗಿ ಕಸ ಬಿದ್ದ ಮೇಲೆ ಹೆಚ್ಚಿನವರಿಗೆ ಅದು ಇಳಿದುಬಿಡುತ್ತದೆ. "ಆಗ ಸ್ವಲ್ಪ ಶುಗರ್ ಇತ್ತು, ಈಗ ಇಲ್ಲ" ಎಂದು ನಮ್ಮ ಮನೆಗಳಲ್ಲಿ ಹೇಳುವುದು ಇದನ್ನೇ.

ನಿಜಕ್ಕೂ ಹೋಯಿತೇ? ಈ ಪ್ರಶ್ನೆಗೆ ಉತ್ತರ ಹುಡುಕಿದವರು ದೂರದವರಲ್ಲ. ಸಂಪಾಜೆ ಘಾಟಿ ಹತ್ತಿದರೆ ಮಡಿಕೇರಿ, ಅಲ್ಲಿಂದ ಮುಂದೆ ಮೈಸೂರು. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. 1934ರಿಂದಲೂ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಬರೆದವರಿಗೆ ಮುಂದೆ ಇದರಿಂದ ಸಂಶೋಧನೆ ನಡೆಯುತ್ತದೆಂಬ ಕಲ್ಪನೆಯೂ ಇದ್ದಿರಲಿಕ್ಕಿಲ್ಲ. ನಮ್ಮ ಸೊಸೈಟಿಯ ಕಾರ್ಯದರ್ಶಿಗಳು ದಿನಕ್ಕೆ ಎರಡು ಬಾರಿ ಹಾಲಿನ ಲೆಕ್ಕ ಬರೆಯುವ ಹಾಗೆ, ಅದು ಅವರ ನಿತ್ಯದ ಕೆಲಸ. 1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನ ಡಾ. ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಆ ಪುಸ್ತಕಗಳನ್ನು ತೆರೆದು, ಹಾಗೆ ಹುಟ್ಟಿದವರನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ತೀರ ಸಣ್ಣಗಿದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತು. ಸಕ್ಕರೆ ಕಾಯಿಲೆಯ ಕತೆ ಬೇರೆ: ಹುಟ್ಟುವಾಗ ಗಿಡ್ಡವಾಗಿದ್ದು, ಉದ್ದಕ್ಕೆ ಹೋಲಿಸಿದರೆ ದಪ್ಪಗಿದ್ದವರಲ್ಲಿ ಅದು ಹೆಚ್ಚು ಇತ್ತು. ಹಾಗಾದರೆ ಅವರ ತಾಯಂದಿರಿಗೆ ಬಸಿರಿನಲ್ಲಿ ಸಕ್ಕರೆ ಇದ್ದಿರಬಹುದೇ ಎಂಬ ಸಂಶಯ ಬಂತು.

ಹಳೆಯ ಪುಸ್ತಕದಲ್ಲಿ ತಾಯಿಯ ಸಕ್ಕರೆಯ ಲೆಕ್ಕ ಇರಲಿಲ್ಲ. ಆದ್ದರಿಂದ 1997-98ರಲ್ಲಿ ಹೊಸದಾಗಿ ಸುರುಮಾಡಿದರು. ಅದೇ ಆಸ್ಪತ್ರೆಗೆ ಬಂದ ಎಂಟುನೂರರಷ್ಟು ಗರ್ಭಿಣಿಯರಿಗೆ ಏಳನೇ ತಿಂಗಳ ಹೊತ್ತಿಗೆ ಗ್ಲೂಕೋಸ್ ಕುಡಿಸಿ ರಕ್ತ ನೋಡಿದರು. ನೂರಕ್ಕೆ ಆರು ಮಂದಿಯಲ್ಲಿ ಕಾಯಿಲೆ ಕಂಡಿತು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಅವರ ಸಂಗಡಿಗರು ಆ ತಾಯಂದಿರನ್ನೂ ಮಕ್ಕಳನ್ನೂ ಬಿಡದೆ ವರ್ಷಗಟ್ಟಲೆ ಹಿಂಬಾಲಿಸಿದರು. ಐದು ವರ್ಷಗಳ ನಂತರ ನೋಡಿದಾಗ, ಬಸಿರಿನಲ್ಲಿ ಸಕ್ಕರೆ ಇದ್ದ ತಾಯಂದಿರ ಪೈಕಿ ನೂರಕ್ಕೆ 37 ಮಂದಿಗೆ ಖಾಯಂ ಸಕ್ಕರೆ ಕಾಯಿಲೆ ಬಂದಿತ್ತು. ಇಲ್ಲದಿದ್ದವರಲ್ಲಿ ನೂರಕ್ಕೆ 2 ಮಾತ್ರ. ಐದೇ ವರ್ಷ, ಗಮನಿಸಿ. ಮಗು ಒಂದನೇ ತರಗತಿಗೆ ಸೇರುವ ಹೊತ್ತಿಗೆ!

ಮಕ್ಕಳ ವಿಷಯ ಇನ್ನೂ ವಿಚಿತ್ರ. ತಾಯಿಯ ಸಕ್ಕರೆ ಮಾಸಿನ ಮೂಲಕ ಮಗುವಿಗೆ ದಾಟುತ್ತದೆ, ಇನ್ಸುಲಿನ್ ದಾಟುವುದಿಲ್ಲ. ಮಗು ತಾನೇ ಹೆಚ್ಚು ಇನ್ಸುಲಿನ್ ತಯಾರಿಸಿ ಆ ಸಕ್ಕರೆಯನ್ನು ಕೊಬ್ಬು ಮಾಡಿಕೊಳ್ಳುತ್ತದೆ. ಹಾಲಿಗಾದರೆ ಫ್ಯಾಟ್ ಹೆಚ್ಚಿದ್ದಷ್ಟು ದರ ಹೆಚ್ಚು, ಮಗುವಿಗೆ ಆ ಲೆಕ್ಕ ಸಲ್ಲದು. ಮೈಸೂರಿನಲ್ಲಿ ಈ ಮಕ್ಕಳು ಹುಟ್ಟುವಾಗ ದಪ್ಪಗಿದ್ದವು. ಒಂದು ವರ್ಷದಲ್ಲಿ ವ್ಯತ್ಯಾಸ ಹೆಚ್ಚುಕಡಿಮೆ ಅಳಿಸಿಹೋಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಎಲ್ಲ ಸರಿಯಾಯಿತು ಎಂದು ವರದಿ ಬರೆಯಬಹುದಿತ್ತು. ಐದನೇ ವರ್ಷದಲ್ಲಿ ನೋಡಿದರೆ ಹೆಣ್ಣುಮಕ್ಕಳಲ್ಲಿ ಚರ್ಮದಡಿಯ ಕೊಬ್ಬು ಮತ್ತು ರಕ್ತದ ಇನ್ಸುಲಿನ್ ಪುನಃ ಹೆಚ್ಚಾಗಿದ್ದವು. ಒಂಬತ್ತು ಹತ್ತು ವರ್ಷದ ಹೊತ್ತಿಗೆ ಅದು ಇನ್ನೂ ಎದ್ದು ಕಂಡಿತು. ತಂದೆಗೆ ಮಾತ್ರ ಸಕ್ಕರೆ ಕಾಯಿಲೆ ಇದ್ದ ಮಕ್ಕಳನ್ನೂ ಹೋಲಿಸಿದ್ದರು. ಐದನೇ ವರ್ಷದಲ್ಲಿ ಅವರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಇದು ಬರೇ ರಕ್ತದಲ್ಲಿ ಬಂದ ಗುಣವಲ್ಲ, ಹೊಟ್ಟೆಯಲ್ಲಿದ್ದಾಗಿನ ಪ್ರಭಾವವೂ ಉಂಟು ಎಂದು ಅವರು ತಿಳಿದರು. ಆ ಹೆಣ್ಣುಮಕ್ಕಳು ಈಗ ತಾವೇ ತಾಯಂದಿರಾಗುವ ವಯಸ್ಸಿನವರು. ಅಜ್ಜಿಯಿಂದ ಮೊಮ್ಮಗುವಿನ ತನಕ ಎಳೆ ಹೇಗೆ ಸಾಗಬಹುದೆಂದು ಯೋಚಿಸಿ.

ಹೆದರಿಸಲು ಇದನ್ನು ಹೇಳುತ್ತಿಲ್ಲ. ಬಸಿರಿನಲ್ಲಿ ಸಕ್ಕರೆ ಇದ್ದವರು ತೂಕ ಇಳಿಸಿ, ಊಟ ತಿದ್ದಿ, ನಡಿಗೆ ಹೆಚ್ಚಿಸಿದರೆ ಕಾಯಿಲೆ ಬರುವ ಸಂಭವ ಅರ್ಧದಷ್ಟು ತಗ್ಗುತ್ತದೆಂದು ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ ಕಂಡಿದೆ. ಮೊಲೆಹಾಲು ಕುಡಿಸುವುದು ತಾಯಿಗೂ ಒಳ್ಳೆಯದು. ನಮ್ಮಲ್ಲಿ ಬಾಣಂತಿಗೆ ಬೆಲ್ಲ, ತುಪ್ಪದ ಲೇಹ್ಯ ತಿನ್ನಿಸಿ ಮಲಗಿಸುವ ಕ್ರಮ ಉಂಟು. ಅತ್ತೆಯಂದಿರ ಪ್ರೀತಿಯನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಇಂಥವಳಿಗೆ ಬೆಲ್ಲ ಬೇಡ. ಕುಚ್ಚಲಕ್ಕಿ ಅನ್ನವನ್ನು ಬಿಡಬೇಕಾಗಿಲ್ಲ. ಬಟ್ಟಲಿನಲ್ಲಿ ಅನ್ನ ಕಡಿಮೆಯಾಗಿ ಪಲ್ಯ, ಹುರುಳಿ, ಹೆಸರು, ಮೀನು, ಮೊಸರು ಹೆಚ್ಚಾಗಲಿ. ಮಾರಿ ಉಳಿದ ಹಾಲೆಲ್ಲ ಗಂಡಸರ ಚಹಕ್ಕೇ ಎಂಬ ಪದ್ಧತಿಯೂ ಬದಲಾಗಲಿ.

ಪರೀಕ್ಷೆ ಕಷ್ಟದ್ದಲ್ಲ. ಕೇಂದ್ರ ಸರಕಾರದ 2018ರ ಮಾರ್ಗಸೂಚಿಯಂತೆ ಪ್ರತಿಯೊಬ್ಬ ಗರ್ಭಿಣಿಗೂ ಮೊದಲ ಭೇಟಿಯಲ್ಲಿ ಒಮ್ಮೆ, ಆಗ ಸರಿಯಿದ್ದರೆ 24ರಿಂದ 28ನೇ ವಾರದಲ್ಲಿ ಇನ್ನೊಮ್ಮೆ ಮಾಡಬೇಕು. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿದು ಎರಡು ಗಂಟೆಯ ನಂತರ ರಕ್ತ ಕೊಡುವುದು. 140 ಅಥವಾ ಮೇಲೆ ಬಂದರೆ ಕಾಯಿಲೆ ಇದೆ ಎಂದರ್ಥ. ಖಾಲಿ ಹೊಟ್ಟೆಯಲ್ಲೇ ಹೋಗಬೇಕೆಂದಿಲ್ಲ. ಬೆಳಗ್ಗಿನ ಹಾಲು ಡೈರಿಗೆ ಮುಟ್ಟಿಸಿ, ತಿಂಡಿ ತಿಂದು, ಬಸ್ಸು ಹತ್ತಿ ಹೋದರೂ ಆಗುತ್ತದೆ.

ತಪ್ಪಿಹೋಗುವುದು ಹೆರಿಗೆಯಾದ ಆರು ವಾರಕ್ಕೆ ಮಾಡಬೇಕಾದ ಪರೀಕ್ಷೆ. ಆಗ ಮಗುವಿನ ಚುಚ್ಚುಮದ್ದಿಗೆ ಹೇಗೂ ಆರೋಗ್ಯ ಕೇಂದ್ರಕ್ಕೆ ಹೋಗುವುದುಂಟು, ಅದೇ ದಿನ ತಾಯಿಯ ರಕ್ತವನ್ನೂ ಕೊಡಬಹುದು. ಇದನ್ನು ಮಾತ್ರ ಖಾಲಿ ಹೊಟ್ಟೆಯಲ್ಲಿ ಮಾಡಿಸಬೇಕು. ಅನಂತರ ವರ್ಷಕ್ಕೊಮ್ಮೆ. ತಾಯಿ ಕಾರ್ಡನ್ನು ಹೆರಿಗೆಯ ಬಳಿಕ ಎಸೆಯಬೇಡಿ, ಪಾಸ್ ಪುಸ್ತಕದೊಟ್ಟಿಗೆ ಇಡಿ. ಮುಂದೆ ಆ ಮಗಳು ಗರ್ಭಿಣಿಯಾಗಿ ಆಸ್ಪತ್ರೆಗೆ ಹೋದಾಗ ಡಾಕ್ಟರರಿಗೆ ತೋರಿಸಲು ಅದು ಬೇಕಾಗುತ್ತದೆ. ಗಂಡಸರಲ್ಲಿ ಒಂದು ವಿನಂತಿ: ಪರೀಕ್ಷೆಯ ಆ ಒಂದು ದಿನ ಹಟ್ಟಿಯ ಕೆಲಸ ನೀವು ಮಾಡಿ. ಹಸು ಹಾಲು ಏರಿಸಿಕೊಂಡು ಒಂದು ಲೀಟರು ಕಡಿಮೆ ಕೊಟ್ಟರೂ ಚಿಂತಿಲ್ಲ.

ಇನ್ನು ಪ್ರಶ್ನೆಗಳಿದ್ದರೆ ಕೇಳಬಹುದು. ಮೊದಲು ಹಿಂದಿನ ಸಾಲಿನವರು ಕೇಳಲಿ.