ರಕ್ತ ಹರಿಯುವ ಮುನ್ನ



ಮೇಡ್ಲೇರಿಯಂಥ ಊರಲ್ಲಿ ಎಮ್ಮೆ ಕಟ್ಟಿದವರಿಗೆ ಆಕ್ಸಿಟೋಸಿನ್ ಎಂದರೆ ತಿಳಿಯಲಿಕ್ಕಿಲ್ಲ, 'ಹಾಲು ಇಳಿಸೋ ಇಂಜೆಕ್ಷನ್' ಎಂದರೆ ತಕ್ಷಣ ತಿಳಿಯುತ್ತದೆ. ದನಗಳಿಗೆ ಅದನ್ನು ಚುಚ್ಚುವ ಹಾವಳಿ ನಿಲ್ಲಿಸಲು 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿಯವರು ಅದನ್ನು ತಯಾರಿಸಿ ಇಲ್ಲಿ ಮಾರುವುದಕ್ಕೆ ತಡೆ ಹಾಕಿ, ನಮ್ಮ ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಕಂಪನಿಗೆ ಮಾತ್ರ ಬಿಟ್ಟುಕೊಟ್ಟಿತು. ಅದೇ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಹೆರಿಗೆಯ ನಂತರ ರಕ್ತ ನಿಲ್ಲಿಸುವುದೂ ಇದೇ ಔಷಧಿ; ಇದಕ್ಕೆ ತತ್ವಾರ ಬಂದರೆ ಮೊದಲು ಕುತ್ತು ಬರುವುದು ಬಾಣಂತಿಯರಿಗೆ.

ಯಾಕೆಂದರೆ, ಮಾಸು ಬಿಟ್ಟ ಜಾಗದಲ್ಲಿ ರಕ್ತನಾಳಗಳು ಬಾಯಿ ತೆರೆದೇ ಇರುತ್ತವೆ. ಅವನ್ನು ಮುಚ್ಚುವುದು ಗರ್ಭಕೋಶದ ಸ್ನಾಯು. ಒದ್ದೆ ಬಟ್ಟೆ ಹಿಂಡಿದಂತೆ ಬಿಗಿದು ಮುಚ್ಚುತ್ತದೆ. ಅನುಭವಿ ಸಿಸ್ಟರ್ ಹೊಟ್ಟೆ ಮೇಲೆ ಕೈಯಿಟ್ಟು ನೋಡುವುದು ಇದನ್ನೇ. ಕಲ್ಲಿನಂತೆ ಗಟ್ಟಿಯಿದ್ದರೆ ಸರಿ, ನಾದಿದ ಕಣಕದಂತೆ ಮೆತ್ತಗಿದ್ದರೆ ಅಪಾಯ. ಆಕ್ಸಿಟೋಸಿನ್ ಈ ಬಿಗಿತ ತರುತ್ತದೆ. ಆದರೆ ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಕರೆಂಟು ಹೋಗಿ ಬರುವ ಉಪಕೇಂದ್ರದಲ್ಲಿ ಏನು ಮಾಡುವುದು?

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಇದಕ್ಕೊಂದು ದಾರಿ ಹುಡುಕಿದರು. 2002ರಿಂದ 2005ರವರೆಗೆ ಆ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆರಿಗೆಗಳು. ಅರ್ಧದಷ್ಟು ತಾಯಂದಿರಿಗೆ ಕೂಸು ಹುಟ್ಟಿದ ಕೂಡಲೇ ಮಿಸೊಪ್ರೊಸ್ಟಾಲ್, 600 ಮೈಕ್ರೊಗ್ರಾಂ, ತಂಪು ಬೇಡದ, ನುಂಗುವ ಗುಳಿಗೆ. ಉಳಿದವರಿಗೆ ಔಷಧಿಯಿಲ್ಲದ ಸಪ್ಪೆ ಗುಳಿಗೆ. ಕೊಟ್ಟವರು ಡಾಕ್ಟರರಲ್ಲ, ಹಳ್ಳಿಯ ಎಎನ್‌ಎಂ ದಾದಿಯರು. ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ಕೆಲವರಿಗೆ ನಡುಕ, ಜ್ವರ ಬಂತು, ಹೋಯಿತು.

ನನಗೆ ಗುಳಿಗೆಗಿಂತ ಹಿಡಿಸಿದ್ದು ಅವರು ರಕ್ತ ಅಳೆದ ಪ್ಲಾಸ್ಟಿಕ್ ಚೀಲ. ಲಾಳಿಕೆಯಾಕಾರ, ಮೇಲೆ ಗೆರೆ, ಅಂಕಿ; ತಾಯಿಯ ಸೊಂಟದ ಕೆಳಗೆ ಹಾಸುತ್ತಾರೆ. ಅಲ್ಲಿಯವರೆಗೆ 'ಎರಡು ಸೀರೆ ತೊಯ್ದವು' ಎಂಬುದೇ ಅಳತೆ. ಚೀಲದ ಅಳತೆಗೆ ಹೋಲಿಸಿದರೆ ಕಣ್ಣಂದಾಜು ಮೂರರಲ್ಲೊಂದು ಪಾಲು ಕಡಿಮೆ ಹೇಳುತ್ತಿತ್ತು.

ಇನ್ನು ನಾಲ್ಕೈದು ತಿಂಗಳಿಗೆ ಬಸಿರು ತೆಗೆಸಬೇಕಾಗಿ ಬಂದಾಗಿನ ರಕ್ತಸ್ರಾವದ ಮಾತು. ಮನೆಯಲ್ಲಿ ಪಿಸುಮಾತಲ್ಲೇ ಮುಗಿಯುವ ವಿಷಯ ಇದು, ರೇಡಿಯೊದಲ್ಲಾದರೂ ಆಡೋಣ. ಸ್ಕ್ಯಾನಿಂಗಿನಲ್ಲಿ ಕೂಸಿನ ದೋಷ ಕಾಣುವುದು ಬಹಳ ಸಲ ಹದಿನೆಂಟನೇ ವಾರದ ಮೇಲೆ. ಆ ಹೊತ್ತಿನ ಗರ್ಭಕೋಶಕ್ಕೆ ಆಕ್ಸಿಟೋಸಿನ್ ಅಷ್ಟು ಸುಲಭವಾಗಿ ನಾಟುವುದಿಲ್ಲ, ದಿನ ತುಂಬಿದ ಬಸಿರಿಗಿಂತ ಹೆಚ್ಚು ಬೇಕು. ಹವಾಯಿಯಲ್ಲಿ 18ರಿಂದ 24 ವಾರದ 160 ಹೆಣ್ಣುಮಕ್ಕಳಲ್ಲಿ ಪರೀಕ್ಷಿಸಿದಾಗ, ಶಸ್ತ್ರಕ್ರಿಯೆ ಶುರುವಾಗುವಾಗಲೇ ಸಲೈನಿನಲ್ಲಿ ಇದನ್ನು ಹರಿಸಿದವರಿಗೆ ರಕ್ತ ಕಡಿಮೆ ಹೋಯಿತು. ಮೀಥೈಲ್‌ಎರ್ಗೊನೊವಿನ್ ಎಂಬ ಇನ್ನೊಂದು ಔಷಧಿಯನ್ನು ಮುಂಜಾಗ್ರತೆಯಾಗಿ ಕೊಟ್ಟು ನೋಡಿದವರಿಗೆ ಲಾಭ ಕಾಣಲಿಲ್ಲ. ಮೊದಲೇ ಕೊಟ್ಟದ್ದೆಲ್ಲ ಒಳ್ಳೆಯದೇ ಆಗುವುದಿಲ್ಲ ಅನ್ನಿ. ಮೆಡಿಕಲ್ ಶಾಪಿನಿಂದ ಬಸಿರು ತೆಗೆಯುವ ಗುಳಿಗೆ ತಂದು ಮನೆಯಲ್ಲೇ ನುಂಗುವ ಧೈರ್ಯವಂತೂ ಈ ತಿಂಗಳಲ್ಲಿ ಬೇಡವೇ ಬೇಡ. ರಕ್ತ ನಿಲ್ಲದಿದ್ದರೆ ಮನೆಯಲ್ಲಿ ಏರಿಸಲು ಬಾಟ್ಲಿ ಇರುವುದಿಲ್ಲ.

ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಂತೆ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಅಲ್ಲಿಂದ 24ರವರೆಗೆ ನಿಯಮದಲ್ಲಿ ಹೇಳಿದ ಕೆಲವರಿಗೆ ಮಾತ್ರ ಅವಕಾಶ, ಇಬ್ಬರು ಡಾಕ್ಟರು ಒಪ್ಪಬೇಕು. ವಯಸ್ಸು ಹದಿನೆಂಟು ತುಂಬಿದವಳಾದರೆ ಅವಳದೊಂದೇ ಸಹಿ ಸಾಕು. ಗಂಡನದು ಕಾಯ್ದೆ ಕೇಳುವುದಿಲ್ಲ. ದುಡಿಯಲು ಹೋದ ಗಂಡ ಊರಿಗೆ ಬರಲಿ ಎಂದು ಕಾಯುತ್ತ ಕೂತರೆ ಎರಡು ವಾರ ಹೋಗುತ್ತವೆ. ವಾರ ಏರಿದಂತೆ ಹರಿಯುವ ರಕ್ತವೂ ಏರುತ್ತದೆ.