ಗಾಳಿಯ ದಿನ ಹಚ್ಚಿದ ಬೆಂಕಿ
(ಜುಮಾ ಪ್ರವಚನದ ಸಾರಾಂಶ)

ಶಅಬಾನ್ ತಿಂಗಳು ಬಂದಿದೆ. ಬರಾಅತ್ ರಾತ್ರಿಗೆ ಮುಂಚೆ ಖಬರ್‌ಸ್ತಾನವನ್ನು ಸ್ವಚ್ಛಗೊಳಿಸುವ ರೂಢಿ ನಮ್ಮಲ್ಲಿದೆ. ಒಳ್ಳೆಯ ಕೆಲಸ. ಆದರೆ ಕುಡುಗೋಲು ಹಿಡಿಯುವ ಬದಲು ಒಣಹುಲ್ಲಿಗೆ ಕಡ್ಡಿ ಗೀರುವುದೂ ರೂಢಿಯಾಗಿಬಿಟ್ಟಿದೆ. ಹೋದ ವರ್ಷ ಹುಡುಗರು ಬಂದು ಕೇಳಿದಾಗ ‘ಆಗಲಿ’ ಎಂದವನು ನಾನೇ. ಮಧ್ಯಾಹ್ನ ಗಾಳಿ ಎದ್ದಿತು. ಕಿಡಿ ಕಾಂಪೌಂಡ್ ದಾಟಿ ಪಕ್ಕದ ಹೊಲದ ರೈತರೊಬ್ಬರ ರಾಗಿ ಹುಲ್ಲಿನ ಬಣವೆಗೆ ಬಿತ್ತು. ಅದು ಬೇಸಿಗೆ ಕಳೆಯಲು ಅವರ ಎತ್ತುಗಳಿಗಿದ್ದ ಮೇವು. ಚಂದಾ ಎತ್ತಿ ಹಣ ಕೊಟ್ಟೆವು. ಆ ಹಿರಿಯರು ಒಂದು ಮಾತೂ ಆಡದೆ ತೆಗೆದುಕೊಂಡರು. ನನಗೆ ಬೈದಿದ್ದರೇ ವಾಸಿಯಿತ್ತು.

ಶರೀಅತ್ ಈ ವಿಷಯದಲ್ಲಿ ಮೌನವಾಗಿಲ್ಲ. ತನ್ನ ಜಾಗದಲ್ಲೇ ಬೆಂಕಿ ಹಚ್ಚಿದವನಿಂದ ನೆರೆಯವನ ಸೊತ್ತು ಸುಟ್ಟರೆ ಏನು? ಫಿಕ್ಹ್ ಪಂಡಿತರು ಮೊದಲು ಗಮನಿಸಿದ್ದೇ ಗಾಳಿಯನ್ನು. ಗಾಳಿಯಿಲ್ಲದ ದಿನ, ಎಚ್ಚರದಿಂದ ಹಚ್ಚಿದ್ದರೆ ಅವನ ಮೇಲೆ ಹೊಣೆಯಿಲ್ಲ. ಜೋರು ಗಾಳಿಯಲ್ಲಿ ಹಚ್ಚಿದ್ದರೆ ನಷ್ಟ ತುಂಬಿಕೊಡಬೇಕು. ಗಾಳಿ ಅಲ್ಲಾಹನದು ಎಂಬ ನೆಪ ನಡೆಯದು. ಇದು ಹಕ್ಕುಲ್ ಇಬಾದ್, ಮನುಷ್ಯರ ಹಕ್ಕು. ಬರೀ ತೌಬಾದಿಂದ ತೀರುವುದಿಲ್ಲ.

ಬಣವೆಗೆ ಲೆಕ್ಕವಿದೆ, ಗುಡ್ಡಕ್ಕೆ ಯಾರಿಗೆ ಕೊಡುತ್ತೀರಿ? ನಮ್ಮ ಚಿತ್ರದುರ್ಗದ ಜೋಗಿಮಟ್ಟಿ, ಹಿರಿಯೂರಿನ ಮಾರಿಕಣಿವೆ ಸುತ್ತಲಿನ ಬೆಟ್ಟಗಳು, ಹೊಸದುರ್ಗ, ಹೊಳಲ್ಕೆರೆಯ ಗುಡ್ಡಸಾಲು ಈಗ ನೋಡಿ. ಮಳೆಗಾಲದಲ್ಲಿ ಆಳೆತ್ತರ ಬೆಳೆದ ಹುಲ್ಲು ಒಣಗಿ ನಿಂತಿದೆ. ಗಾಳಿಯಂತ್ರ ನೆಟ್ಟಿರುವುದೇ ಇಲ್ಲಿ ಗಾಳಿ ಜೋರು ಎಂಬ ಕಾರಣಕ್ಕೆ. ಇಳಿಜಾರಿನಲ್ಲಿ ಬೆಂಕಿ ಮೇಲಕ್ಕೆ ಓಡುತ್ತದೆ, ಮುಂದಿನ ಹುಲ್ಲನ್ನು ತಾನೇ ಕಾಯಿಸಿಕೊಂಡು. ಚಿರತೆ, ನವಿಲು ಓಡಬಹುದು, ಆಮೆ ಓಡುವುದೇ? 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ 10 ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತು. ಅದಕ್ಕೆ ಎರಡು ವರ್ಷ ಮೊದಲು, ಅದೇ ತಿಂಗಳಲ್ಲಿ, ಅಲ್ಲೇ ಬೆಂಕಿ ಆರಿಸಲು ಹೋದ ಯುವ ಅರಣ್ಯ ರಕ್ಷಕರೊಬ್ಬರು ಪ್ರಾಣ ಬಿಟ್ಟರು.

ಪ್ರಯಾಣವೊಂದರಲ್ಲಿ ಸಹಾಬಿಗಳು ಇರುವೆಗೂಡೊಂದನ್ನು ಸುಟ್ಟಿದ್ದನ್ನು ಪ್ರವಾದಿ(ಸ) ಕಂಡರು. ಯಾರು ಸುಟ್ಟದ್ದೆಂದು ವಿಚಾರಿಸಿ, ಬೆಂಕಿಯಿಂದ ಶಿಕ್ಷಿಸುವ ಅಧಿಕಾರ ಬೆಂಕಿಯ ಒಡೆಯನಿಗೆ ಮಾತ್ರ ಎಂದು ತಿಳಿಸಿದರು. ಅಬೂದಾವೂದ್‌ನಲ್ಲಿದೆ. ಒಂದು ಇರುವೆಗೂಡಿಗೆ ಈ ಮಾತು!

ನಮ್ಮವರು ರಜೆಯ ದಿನ ಮಕ್ಕಳೊಂದಿಗೆ ಗುಡ್ಡದ ಬುಡಕ್ಕೆ ಹೋಗುತ್ತಾರೆ. ಮೂರು ಕಲ್ಲಿಟ್ಟು ಬಿರಿಯಾನಿ ಮಾಡುತ್ತಾರೆ. ದಮ್‌ಗೆಂದು ಮುಚ್ಚಳದ ಮೇಲೆ ಹಾಕಿದ ಕೆಂಡವನ್ನು ಆಮೇಲೆ ಪೊದೆಯ ಬುಡಕ್ಕೆ ಸುರಿದು ಬರುತ್ತಾರೆ. ಬೂದಿ ಮುಚ್ಚಿದ ಕೆಂಡ ಆರಿದಂತೆ ಕಾಣುತ್ತದೆ, ಸಂಜೆ ಗಾಳಿಗೆ ಮತ್ತೆ ಕೆಂಪಾಗುತ್ತದೆ. ಈ ತಿಂಗಳುಗಳಲ್ಲಿ ಅಡುಗೆ ಮನೆಯಲ್ಲೇ ಮುಗಿಸಿ, ಬುತ್ತಿ ಕಟ್ಟಿಕೊಂಡು ಹೋಗಿ. ತೋಟವಿರುವವರು ತೆಂಗಿನ ಗರಿ, ಅಡಿಕೆ ಹಾಳೆ ಸುಡಬೇಡಿ. ಗಿಡದ ಬುಡಕ್ಕೆ ಹೊದಿಸಿದರೆ ತೇವ ಉಳಿಯುತ್ತದೆ. ಬೀಡಿ ಬಿಡಿ ಎಂದು ಎಷ್ಟೋ ಜುಮಾಗಳಲ್ಲಿ ಹೇಳಿದ್ದೇನೆ, ಬಿಡದವರು ತುಂಡನ್ನಾದರೂ ಮಣ್ಣಿಗೆ ಒತ್ತಿ ಆರಿಸಿ. ಗುಡ್ಡದಲ್ಲಿ ಹೊಗೆ ಕಂಡರೆ ವಿಡಿಯೋ ಮಾಡುತ್ತ ನಿಲ್ಲದೆ ಮೊದಲು 112ಕ್ಕೆ ಫೋನ್ ಮಾಡಿ.

ಬರುವ ಭಾನುವಾರ ಫಜ್ರ್ ನಮಾಝಿನ ನಂತರ ಖಬರ್‌ಸ್ತಾನದ ಹುಲ್ಲು ಕೊಯ್ಯೋಣ. ಕುಡುಗೋಲು, ಹಗ್ಗ ತನ್ನಿ. ಬೆಂಕಿಪೊಟ್ಟಣ ಮನೆಯಲ್ಲೇ ಇರಲಿ. ಕೊಯ್ದದ್ದನ್ನು ಗಾಡಿಯಲ್ಲಿ ಆ ರೈತರ ಮನೆಗೆ ಮುಟ್ಟಿಸುವುದಾಗಿ ಕಮಿಟಿಯವರು ಒಪ್ಪಿದ್ದಾರೆ. ದನ ತಿನ್ನುವಂಥದ್ದನ್ನು ಅವರೇ ಆರಿಸಿಕೊಳ್ಳಲಿ.