ಮಗ್ಗಕ್ಕೂ ಒಂದು ಸೂರು ಬೇಕಲ್ಲ ಸ್ವಾಮಿ

ದೊಡ್ಡಬಳ್ಳಾಪುರದ ನೇಕಾರರ ಬೀದಿಗೆ ಹೋದರೆ ಮೊದಲು ಕೇಳಿಸೋದು ಮಗ್ಗದ ಸದ್ದು. ತಲೆ ಎತ್ತಿದರೆ ಕಾಣೋದು ಕಂಬಿ. ತಾರಸಿ ಮೇಲೆ ತುಕ್ಕು ಹಿಡಿದು ನಿಂತ ಪಿಲ್ಲರ್ ಕಂಬಿ. ಅರ್ಧಕ್ಕೆ ನಿಂತ ಮನೆ ಅಂತ ನಾವು ಮೂಗು ಮುರಿಯುತ್ತೇವೆ. ಅದು ಅರ್ಧಕ್ಕೆ ನಿಂತಿದ್ದಲ್ಲ. ಮಗನ ಮದುವೆಗೆ ಮೇಲೊಂದು ರೂಮು ಎತ್ತೋಣ ಅನ್ನೋ ಲೆಕ್ಕಾಚಾರ ಅದು.

ಇಲ್ಲಿ ಮನೆ ಅಂದರೆ ಕಾರ್ಖಾನೆ ಕೂಡ. ವಿದ್ಯುತ್ ಮಗ್ಗಕ್ಕೆ ಅಲ್ಲಾಡದ ಗಟ್ಟಿ ನೆಲ ಬೇಕು. ಮೇಲೆ ಜಕಾರ್ಡ್ ಕೂರಿಸಬೇಕಾದರೆ ಸೂರು ಎತ್ತರ ಇರಬೇಕು. ಹಾಗಾಗಿ ಮೊದಲು ಏಳೋದು ಮಗ್ಗದ ಕೋಣೆ; ಅಡುಗೆಮನೆ ಮೇಲೆ ಸದ್ಯಕ್ಕೆ ಶೀಟು. ಸೀರೆ ಹೋದರೆ ಸಿಮೆಂಟು ಬಂತು, ಚೀಟಿ ಎತ್ತಿದರೆ ಮೌಲ್ಡು. ಇಂಜಿನಿಯರ್ ಇಲ್ಲ, ಮೇಸ್ತ್ರಿ ಮತ್ತು ಮನೆಯಾಕೆ ಇಬ್ಬರದೇ ಪ್ಲಾನು.

ಸರ್ಕಾರದ ಪ್ಲಾನು ಬೇರೆ. 2015ರಲ್ಲಿ ಶುರುವಾದ ನಗರದ ಪ್ರಧಾನ ಮಂತ್ರಿ ಆವಾಸ್ ಯೋಜನೆಯಲ್ಲಿ, ಸ್ವಂತ ಜಾಗದಲ್ಲಿ ತಾವೇ ಕಟ್ಟಿಕೊಳ್ಳುವ ಬಡವರಿಗೆ ಕೇಂದ್ರ ಕೊಡುತ್ತಿದ್ದದ್ದು 1.5 ಲಕ್ಷ ರೂಪಾಯಿ. ಮನೆ ಅಳತೆ ಸಾಮಾನ್ಯವಾಗಿ 30 ಚದರ ಮೀಟರ್ ತನಕ, ಅಂದರೆ ಸುಮಾರು 320 ಚದರಡಿ ಇತ್ತು. ಅದರಲ್ಲಿ ಎರಡು ಮಗ್ಗ ಇಟ್ಟರೆ ಮಕ್ಕಳು ಎಲ್ಲಿ ಮಲಗಬೇಕು? ಈ ಲೆಕ್ಕ ಹಾಕಿದವರು ಮಗ್ಗ ಕಂಡಿಲ್ಲ ಬಿಡಿ.

ಅದಕ್ಕಿಂತ ನನಗೆ ಚುಚ್ಚೋದು ಕಂತಿನ ವಿಚಾರ. ನಮ್ಮ ರಾಜ್ಯದ ವಸತಿ ಯೋಜನೆಗಳಲ್ಲಿ ಹಣ ಬರೋದು ಹಂತ ಹಂತವಾಗಿ: ಪಾಯ, ಲಿಂಟಲ್, ಛಾವಣಿ, ಕೊನೆಗೆ ಪೂರ್ಣ. ಒಂದೊಂದು ಹಂತಕ್ಕೂ ಜಿಪಿಎಸ್ ಫೋಟೊ. ಕಳ್ಳಲೆಕ್ಕ ತಡೆಯೋಕೆ ಫೋಟೊ ಬೇಕು, ಒಪ್ಪೋಣ. ಆದರೆ ಪಾಯ ಮುಗಿದ ಮೇಲೆ ಮೊದಲ ಕಂತು ಅಂದರೆ, ಪಾಯದ ದುಡ್ಡು ಯಾರು ಕೊಡಬೇಕು? ಕೈಯಲ್ಲಿ ಕಾಸಿದ್ದವನು ಹಾಕುತ್ತಾನೆ, ಇಲ್ಲದವನು ಬಡ್ಡಿಗೆ ತರುತ್ತಾನೆ. ಸೈಜುಗಲ್ಲು ಇಳಿಸಿದ ಲಾರಿಯವನಿಗೆ, ಗುಂಡಿ ತೋಡಿದ ಕೂಲಿಯವನಿಗೆ 'ಫೋಟೊ ಅಪ್‌ಲೋಡ್ ಆಗಲಿ ತಡಿಯಪ್ಪ' ಅನ್ನೋಕಾಗುತ್ತಾ? ತೀರಾ ಬಡವರಿಗೇ ಅಂತ ಮಾಡಿದ ಯೋಜನೆ, ತೀರಾ ಬಡವರ ಹತ್ತಿರವೇ ಮುಂಗಡ ಕೇಳುತ್ತೆ.

ದಾರಿ ಇಲ್ಲ ಅಂತಲ್ಲ. ಹಳ್ಳಿಗಳಿಗಿರುವ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ನಿಯಮದಲ್ಲೇ, ಮಂಜೂರಾದ ಕೂಡಲೇ ಮೊದಲ ಕಂತು ಖಾತೆಗೆ ಹೋಗಬೇಕು ಅಂತ ಇದೆ. ಅದೇ ನಿಯಮ ನೇಕಾರರ ಬೀದಿಗೂ ಬರಲಿ. ಈ ಸಲ ಅರ್ಜಿ ಕರೆದಾಗ ನಿಮ್ಮ ನಗರಸಭೆ ಸದಸ್ಯರನ್ನ ನಿಲ್ಲಿಸಿ ಕೇಳಿ: ಮೊದಲ ಕಂತು ಪಾಯಕ್ಕೆ ಮುಂಚೆನಾ, ಆಮೇಲಾ?